ಕ್ರೂಸ್ ಇಳಿದ ದಿನವೇ ರೈಲು: ಎಷ್ಟು ಗಂಟೆಯದ್ದು ಬುಕ್ ಮಾಡಬೇಕು?

ಪ್ರಶ್ನೆ: ಜೂನ್ ಕೊನೆಯಲ್ಲಿ ನಾವು ನಾಲ್ಕು ಜನ ಅಥೆನ್ಸ್‌ನಿಂದ ಏಳು ರಾತ್ರಿಯ ಕ್ರೂಸ್ ಹೋಗುತ್ತಿದ್ದೇವೆ. ನಾನು, ಹೆಂಡತಿ, ಮಗಳು, 76 ವರ್ಷದ ಅತ್ತೆ. ಮಧ್ಯದಲ್ಲಿ ಟರ್ಕಿಯ ಕುಶಾದಸಿಯೂ ಇದೆ. ಕೊನೆಗೆ ಭಾನುವಾರ ಬೆಳಿಗ್ಗೆ 7ಕ್ಕೆ ರೋಮ್. ಅದೇ ದಿನ ವೆನಿಸ್‌ಗೆ ಹೋಗಬೇಕು. ಹತ್ತು ಗಂಟೆ ಆಸುಪಾಸಿನ ರೈಲಿಗೆ ತುಂಬಾ ಅಗ್ಗದ ಟಿಕೆಟ್ ತೋರಿಸುತ್ತಿದೆ, ಆದರೆ ಹಣ ವಾಪಸ್ ಇಲ್ಲವಂತೆ. ಮೂರು ಗಂಟೆ ಅಂತರ ಸಾಕಲ್ವಾ? ಬುಕ್ ಮಾಡಿಬಿಡಲಾ? ಲಗೇಜು ದೊಡ್ಡದು ನಾಲ್ಕು, ಸಣ್ಣದು ಎರಡು.

ಉತ್ತರ:

ಬೇಡ, ಆ ಟಿಕೆಟ್ ಮುಟ್ಟಬೇಡಿ. ನಿಮ್ಮ ಮೂರು ಗಂಟೆಯ ಲೆಕ್ಕದಲ್ಲೇ ತೂತಿದೆ. ಕ್ರೂಸ್ ಕಾಗದದಲ್ಲಿ "ರೋಮ್, 7.00" ಅಂತ ಇದೆಯಲ್ಲ, ಆ ರೋಮ್ ರೋಮ್ ಅಲ್ಲ, ಆ ಏಳು ಗಂಟೆ ನೀವು ನೆಲ ಮುಟ್ಟುವ ಹೊತ್ತೂ ಅಲ್ಲ.

ಊರಿನ ವಿಷಯ ಮೊದಲು ಹೇಳಿಬಿಡುತ್ತೇನೆ. ನಿಮ್ಮ ಹಡಗು ನಿಲ್ಲುವುದು ಚಿವಿತಾವೆಕ್ಕಿಯಾ ಎಂಬ ಬಂದರಿನಲ್ಲಿ. ಅದು ರೋಮ್‌ನಿಂದ ವಾಯುವ್ಯಕ್ಕೆ 70 ಕಿಲೋಮೀಟರಿಗೂ ಜಾಸ್ತಿ ದೂರ. ಕ್ರೂಸ್ ಕಂಪನಿಗಳಿಗೆ ಇದೊಂದು ಚಟ. ಲಿವೊರ್ನೊಗೆ ಫ್ಲಾರೆನ್ಸ್ ಅನ್ನುತ್ತಾರೆ, ಲೆ ಹಾವ್ರ್‌ಗೆ ಪ್ಯಾರಿಸ್ ಅನ್ನುತ್ತಾರೆ, ಬಾಲ್ಟಿಕ್ ದಡದ ವಾರ್ನೆಮುಂಡೆಗೆ ಬರ್ಲಿನ್ ಅನ್ನುತ್ತಾರೆ. ಅಲ್ಲಿಂದ ಬರ್ಲಿನ್‌ಗೆ 200 ಕಿಲೋಮೀಟರಿಗೂ ಮೇಲೆ! ನಮ್ಮಲ್ಲಿ ದೇವನಹಳ್ಳಿಯಲ್ಲಿ ಇಳಿಸಿ ಬೆಂಗಳೂರು ಬಂತು ಅಂದ ಹಾಗೆ, ಆದರೆ ಅದಕ್ಕಿಂತ ಎಷ್ಟೋ ಪಾಲು ದೂರ. ವೆನಿಸ್‌ನಲ್ಲಿ ಮುಗಿಯುವ ಕ್ರೂಸ್ ನೋಡುತ್ತಿರುವವರೂ ಇಲ್ಲೊಂದು ಕಣ್ಣಿಡಿ. 2021ರ ಆಗಸ್ಟ್ 1ರಿಂದ 25,000 ಟನ್‌ಗಿಂತ ದೊಡ್ಡ ಹಡಗುಗಳು ಅಲ್ಲಿನ ಜುದೆಕ್ಕಾ ಕಾಲುವೆಗೆ ಬರುವಂತಿಲ್ಲ. ಹಾಗಾಗಿ ವೆನಿಸ್ ಅಂತ ಮಾರುವ ಎಷ್ಟೋ ಕ್ರೂಸ್‌ಗಳು ರವೆನ್ನಾದಲ್ಲೋ ತ್ರಿಯೆಸ್ತೆಯಲ್ಲೋ ಮುಗಿಯುತ್ತವೆ. ರೈಲು ಹುಡುಕುವ ಮೊದಲು ಬಂದರಿನ ಹೆಸರು ಹುಡುಕಿ.

ಈಗ ಏಳು ಗಂಟೆಯ ವಿಷಯ. ಏಳಕ್ಕೆ ಹಡಗು ದಡಕ್ಕೆ ಬರುತ್ತದೆ ಅಷ್ಟೇ. ಆಮೇಲೆ ಹಗ್ಗ ಕಟ್ಟಬೇಕು, ಬಂದರಿನ ಅಧಿಕಾರಿಗಳು ಸೈ ಅನ್ನಬೇಕು, ಸಾವಿರಾರು ಜನರ ಲಗೇಜು ಕೆಳಗಿಳಿಯಬೇಕು. ಹಿಂದಿನ ರಾತ್ರಿಯೇ ನಿಮಗೆ ಬಣ್ಣದ ಪಟ್ಟಿ ಕೊಡುತ್ತಾರೆ, ಅದನ್ನು ಪೆಟ್ಟಿಗೆಗೆ ಕಟ್ಟಿ ಮಲಗುವ ಮೊದಲು ಕೋಣೆಯ ಬಾಗಿಲ ಹೊರಗೆ ಇಡಬೇಕು. ಬೆಳಿಗ್ಗೆ ಬಣ್ಣ, ನಂಬರ್ ಕೂಗಿದಂತೆ ಇಳಿಯಬೇಕು. ಪೆಟ್ಟಿಗೆ ಕೆಳಗಿನ ಹಾಲ್‌ನಲ್ಲಿ ಸಿಗುತ್ತದೆ. ನಿಮ್ಮ ಬಣ್ಣ 7.30ಕ್ಕೂ ಬರಬಹುದು, 9ಕ್ಕೂ ಬರಬಹುದು.

ನಾನೂ ನಿಮ್ಮ ಹಾಗೇ ಲೆಕ್ಕ ಹಾಕಿ ಸಿಕ್ಕಿಬಿದ್ದವನು. ಇದೇ ಬಂದರು. ಹಡಗಿನ ನಾಟಕಶಾಲೆಯಲ್ಲಿ ಕೆಂಪು ಕುರ್ಚಿಯ ಮೇಲೆ ಕೂತಿದ್ದೇವೆ. ಹಿಂದಿನ ರಾತ್ರಿ ಹಾಡು ಕುಣಿತ ನಡೆದ ವೇದಿಕೆ ಮೇಲೆ ಈಗ ಒಬ್ಬ ಹುಡುಗಿ ಮೈಕು ಹಿಡಿದು ಬಣ್ಣ ಕೂಗುತ್ತಿದ್ದಾಳೆ. ನಮ್ಮದು ಕಂದು, ನಂಬರ್ 23. ಅವಳು ಹಸಿರು 11 ಕೂಗುವಾಗ ಗಂಟೆ ಎಂಟೂಕಾಲು. ಮಂಜು ಕವಿದಿದ್ದರಿಂದ ಹಡಗು ದಡಕ್ಕೆ ಬಂದಿದ್ದೇ ಮುಕ್ಕಾಲು ಗಂಟೆ ತಡ. ಮೊಬೈಲಿನಲ್ಲಿ ಟಿಕೆಟ್ ತೆಗೆದು ನೋಡುವುದು, ಮುಚ್ಚುವುದು, ಮತ್ತೆ ತೆಗೆಯುವುದು. ನೋಡಿದ್ರೆ ಟೈಮ್ ಬದಲಾಗುತ್ತದಾ? ನಮ್ಮ ರೈಲು ರೋಮ್ ಬಿಡುವ ಹೊತ್ತಿಗೆ ನಾವು ಇನ್ನೂ ಬಂದರಿನ ಬಸ್ಸಿನಲ್ಲಿ ನಿಂತಿದ್ದೆವು. ಕೌಂಟರಿನಲ್ಲಿ ಪೂರ್ತಿ ದರ ಕೊಟ್ಟು ಹೊಸ ಟಿಕೆಟ್ ತಗೊಂಡೆವು. ಅಗ್ಗದ ಟಿಕೆಟ್ಟಿನಲ್ಲಿ ಉಳಿಸಿದ್ದಕ್ಕಿಂತ ಎರಡು ಪಟ್ಟು ಹೋಯಿತು.

ಹಡಗು ತಡವಾದರೆ ರೈಲಿನವರಿಗೆ ಅದು ಸಂಬಂಧವಿಲ್ಲ. ರೈಲು ತಪ್ಪಿದರೆ ಹಡಗಿನವರಿಗೆ ಸಂಬಂಧವಿಲ್ಲ. ಮಧ್ಯೆ ಇರುವುದು ನೀವು ಮತ್ತು ನಿಮ್ಮ ಪರ್ಸು. ಹಾಗಾಗಿ ಪ್ರಯಾಣವನ್ನು ಎರಡು ತುಂಡು ಮಾಡಿ. ಚಿವಿತಾವೆಕ್ಕಿಯಾದಿಂದ ರೋಮ್ ಒಂದು, ರೋಮ್‌ನಿಂದ ವೆನಿಸ್ ಇನ್ನೊಂದು. ಎರಡಕ್ಕೂ ಟಿಕೆಟ್ಟಿನ ಸ್ವಭಾವವೇ ಬೇರೆ.

ಮೊದಲ ತುಂಡಿಗೆ ತಲೆ ಕೆಡಿಸಿಕೊಳ್ಳಬೇಡಿ. ಚಿವಿತಾವೆಕ್ಕಿಯಾದಿಂದ ರೋಮ್‌ಗೆ ಪ್ರಾದೇಶಿಕ ರೈಲುಗಳಿವೆ, ಎಫ್‌ಎಲ್5 ಮಾರ್ಗ ಅನ್ನುತ್ತಾರೆ. ಸೀಟ್ ನಂಬರ್ ಇಲ್ಲ, ರಿಸರ್ವೇಶನ್ ಇಲ್ಲ, ದರ ಯಾವತ್ತೂ ಒಂದೇ, ಒಬ್ಬರಿಗೆ ಐದು ಯೂರೊ ಆಸುಪಾಸು. ನಾಲ್ಕು ತಿಂಗಳು ಮೊದಲು ತಗೊಂಡರೂ ಅದೇ, ರೈಲು ಹತ್ತುವ ಐದು ನಿಮಿಷ ಮೊದಲು ತಗೊಂಡರೂ ಅದೇ. ಟಿಕೆಟ್ ಖಾಲಿ ಅನ್ನುವ ಮಾತೇ ಇಲ್ಲ. ನಮ್ಮ ಜನರಲ್ ಟಿಕೆಟ್ ಇದ್ದ ಹಾಗೆ, ಆದರೆ ಆ ನೂಕುನುಗ್ಗಲು ಇರುವುದಿಲ್ಲ. ಗಂಟೆಗೆ ಒಂದೆರಡು ರೈಲು ಸಿಗುತ್ತವೆ, ಭಾನುವಾರ ಸ್ವಲ್ಪ ಕಮ್ಮಿ. ರೋಮ್‌ನ ಟರ್ಮಿನಿ ನಿಲ್ದಾಣಕ್ಕೆ ಸುಮಾರು ಒಂದೂಕಾಲು ಗಂಟೆ. ಇಂಟರ್‌ಸಿಟಿ ಸಿಕ್ಕರೆ ಮುಕ್ಕಾಲು ಗಂಟೆ ಚಿಲ್ಲರೆ, ಆದರೆ ಅದು ಸೀಟ್ ನಂಬರ್ ಇರುವ ರೈಲು, ಟಿಕೆಟ್ ಬೇರೆ. ಅದರ ಹಿಂದೆ ಬೀಳಬೇಡಿ. ಹೈಸ್ಪೀಡ್ ರೈಲು ಹುಡುಕುತ್ತಾ ಕೂರುವವರೂ ಇದ್ದಾರೆ. ಇಲ್ಲಿಂದ ನೇರ ವೆನಿಸ್‌ಗೆ ಹೈಸ್ಪೀಡ್ ಇಲ್ಲ, ಅವೆಲ್ಲ ಸಿಗುವುದು ರೋಮ್‌ನಲ್ಲಿ.

ಒಂದು ಎಚ್ಚರ ಇದೆ, ನಮ್ಮವರು ಎಡವುವುದೇ ಇಲ್ಲಿ. ಮೆಷಿನ್‌ನಲ್ಲಿ ಕಾಗದದ ಟಿಕೆಟ್ ತಗೊಂಡರೆ ಹತ್ತುವ ಮೊದಲು ಪ್ಲಾಟ್‌ಫಾರ್ಮ್ ಬಳಿಯ ಸಣ್ಣ ಯಂತ್ರದ ಬಾಯಿಗೆ ತೂರಿಸಿ ಮುದ್ರೆ ಒತ್ತಿಸಬೇಕು. ಕಟ್ ಕಟ್ ಅಂತ ಸದ್ದಾಗಿ ತಾರೀಕು, ಗಂಟೆ ಮೂಡುತ್ತದೆ. ಮೊಬೈಲ್ ಟಿಕೆಟ್ ಆದರೆ ಹತ್ತುವ ಮೊದಲು ಚೆಕ್-ಇನ್ ಅಂತ ಒತ್ತಬೇಕು. ಎರಡೂ ಮಾಡದಿದ್ದರೆ ದುಡ್ಡು ಕೊಟ್ಟ ಟಿಕೆಟ್ ಕೈಯಲ್ಲೇ ಇದ್ದರೂ ದಂಡ ಬೀಳುತ್ತದೆ. ಟಿಸಿಗೆ ಹಲ್ಲು ಗಿಂಜಿದರೆ ಬಿಡುತ್ತಾನೆ ಅಂದುಕೊಳ್ಳಬೇಡಿ. ಇನ್ನೊಂದು, ಟಿಕೆಟ್ ಮೆಷಿನ್ ಹತ್ತಿರ ತಾವಾಗೇ ಬಂದು "ಹೆಲ್ಪ್, ಹೆಲ್ಪ್" ಅನ್ನುವವರು ರೈಲ್ವೆ ನೌಕರರಲ್ಲ. ಕಣ್ಣು ಪರದೆ ಮೇಲೆ, ಕೈ ಪರ್ಸಿನ ಮೇಲೆ ಇರಲಿ.

ಎರಡನೇ ತುಂಡು ರೋಮ್ ಟರ್ಮಿನಿಯಿಂದ ವೆನಿಸ್, ಸುಮಾರು ನಾಲ್ಕು ಗಂಟೆ. ಇಲ್ಲಿ ಎರಡು ಕಂಪನಿಗಳಿವೆ. ಸರ್ಕಾರಿ ಒಡೆತನದ ಟ್ರೆನ್‌ಇಟಾಲಿಯಾದ ಫ್ರೆಚ್ಚಾರೊಸ್ಸಾ, 2012ರಲ್ಲಿ ಓಡಾಟ ಶುರು ಮಾಡಿದ ಖಾಸಗಿ ಇಟಾಲೊ. ಎರಡೂ ಚೆನ್ನಾಗಿವೆ. ಎಲ್ಲ ಸೀಟಿಗೂ ನಂಬರ್, ದರ ವಿಮಾನದ ಹಾಗೆ ಏರಿ ಇಳಿಯುತ್ತದೆ. ವೇಟಿಂಗ್ ಲಿಸ್ಟ್, ಆರ್‌ಎಸಿ, ಚಾರ್ಟ್ ಇವೆಲ್ಲ ಇಲ್ಲ. ಸೀಟ್ ಇದ್ದರೆ ಇದೆ, ಇಲ್ಲದಿದ್ದರೆ ಮುಂದಿನ ರೈಲು.

ನೀವು ನೋಡಿದ ಅಗ್ಗದ್ದು ಟ್ರೆನ್‌ಇಟಾಲಿಯಾದ ಸೂಪರ್ ಎಕಾನಮಿ ಇರಬೇಕು. ಆ ರೈಲಿಗೇ ಹತ್ತಬೇಕು, ತಪ್ಪಿದರೆ ಹೋಯಿತು. ಮಧ್ಯದ್ದು ಎಕಾನಮಿ, ಅದನ್ನು ರೈಲು ಹೊರಡುವ ಮೊದಲು ವ್ಯತ್ಯಾಸ ಕಟ್ಟಿ ಬದಲಿಸಬಹುದು. ದುಬಾರಿಯದ್ದು ಬೇಸ್. ಹೊರಡುವ ಮೊದಲು ಎಷ್ಟು ಸಲ ಬೇಕಾದರೂ ಬದಲಿಸಬಹುದು, ರೈಲು ಹೊರಟ ಮೇಲೂ ಒಂದು ಗಂಟೆಯೊಳಗೆ ಒಂದು ಸಲ ಬದಲಿಸಬಹುದು. ಇಟಾಲೊದಲ್ಲಿ ಬದಲಿಸಬಹುದಾದ ಟಿಕೆಟ್ಟಿಗೆ ಫ್ಲೆಕ್ಸ್ ಅಂತ ಹೆಸರು. ಬೇಸ್‌ನ ಮಜಾ ಏನು ಗೊತ್ತಾ, ಅದು ತಡವಾದರೆ ಮಾತ್ರ ಉಳಿಸುವುದಲ್ಲ. ನಿಮ್ಮ ಅದೃಷ್ಟಕ್ಕೆ ಬೇಗ ಇಳಿದು ಹತ್ತೂಮುಕ್ಕಾಲಿಗೇ ಟರ್ಮಿನಿ ತಲುಪಿದಿರಿ ಅನ್ನಿ. ಮೊಬೈಲಿನಲ್ಲೇ ಮೊದಲಿನ ರೈಲಿಗೆ ಬದಲಿಸಿಕೊಂಡು ಹತ್ತಬಹುದು, ಸೀಟ್ ಖಾಲಿ ಇದ್ದರೆ. ಅಗ್ಗದ ಟಿಕೆಟ್ಟಿನವರು ಕೂತು ಕಾಯಬೇಕು.

ಸರಿ, ಎಷ್ಟು ಗಂಟೆಯದ್ದು? ನಿಮ್ಮದೇ ದಿನ ಹಾಕಿ ನೋಡೋಣ. ಹಡಗು 7ಕ್ಕೆ ಬಂತು. ನಿಮ್ಮ ಬಣ್ಣ ಬಂದು, ಹಾಲ್‌ನಲ್ಲಿ ನಾಲ್ಕೂ ಪೆಟ್ಟಿಗೆ ಹುಡುಕಿ ಹೊರಬರುವಾಗ 8.30. ಬಂದರು ದೊಡ್ಡದು, ಒಳಗೆ ನಡೆಯಲು ಆಗುವುದಿಲ್ಲ. ಹಡಗಿನ ಬುಡದಿಂದ ಲಾರ್ಗೊ ದೆಲ್ಲಾ ಪಾಚೆ ಎಂಬ ಜಾಗಕ್ಕೆ ಬಂದರಿನ ಉಚಿತ ಬಸ್ಸು ಇದೆ. ಕ್ಯೂ ನಿಂತು ಹತ್ತಿ ಅಲ್ಲಿ ಇಳಿದಾಗ 9. ಅಲ್ಲಿಂದ ರೈಲು ನಿಲ್ದಾಣಕ್ಕೆ ದುಡ್ಡು ಕೊಟ್ಟು ಹತ್ತುವ ಬಸ್ಸು ಅಥವಾ ಟ್ಯಾಕ್ಸಿ, 9.20. ಟಿಕೆಟ್, ಮುದ್ರೆ, ಬಾತ್‌ರೂಮು, ಅತ್ತೆಗೆ ಒಂದು ಲೋಟ ಚಹಾ. ಒಂಬತ್ತೂಮುಕ್ಕಾಲರಿಂದ ಹತ್ತರೊಳಗೆ ಒಂದು ರೈಲು ಸಿಕ್ಕಿತು ಅನ್ನಿ, ಟರ್ಮಿನಿ ತಲುಪುವಾಗ ಹನ್ನೊಂದು ದಾಟಿರುತ್ತದೆ. ಇದು ಎಲ್ಲವೂ ಸರಿಯಾಗಿ ನಡೆದ ದಿನದ ಲೆಕ್ಕ. ಇದರ ಮೇಲೆ ಒಂದು ಗಂಟೆ ಹಡಗಿಗೆ, ಅರ್ಧ ಗಂಟೆ ಟರ್ಮಿನಿಯೊಳಗಿನ ನಡಿಗೆಗೆ ಇಡಿ. ಆಗ ಮಧ್ಯಾಹ್ನ ಒಂದು ಗಂಟೆ ಸುಮಾರಿನ ರೈಲು ಬರುತ್ತದೆ. ಅದನ್ನು ಬೇಸ್‌ನಲ್ಲಿ ತಗೊಳ್ಳಿ. ವೆನಿಸ್ ತಲುಪುವುದು ಸಂಜೆ ಐದರ ಹೊತ್ತಿಗೆ. ಜೂನ್‌ನಲ್ಲಿ ಅಲ್ಲಿ ಕತ್ತಲಾಗುವುದೇ ರಾತ್ರಿ ಒಂಬತ್ತರ ಮೇಲೆ, ಹಾಗಾಗಿ ದಿನ ಹಾಳಾಯಿತು ಅಂತ ಕೊರಗಬೇಡಿ.

ಟರ್ಮಿನಿಗೆ ಅರ್ಧ ಗಂಟೆ ಯಾಕೆ ಅಂತ ಕೇಳುತ್ತೀರಿ. ಬಂದರಿನ ಕಡೆಯಿಂದ ಬರುವ ರೈಲುಗಳು ಸಾಮಾನ್ಯವಾಗಿ 25ರ ಮೇಲಿನ ಪ್ಲಾಟ್‌ಫಾರ್ಮ್‌ಗಳಿಗೆ ಬರುತ್ತವೆ. ಅವು ಉಳಿದವುಗಳ ಸಾಲಿನಲ್ಲಿಲ್ಲ, ತುಂಬಾ ಹಿಂದೆ ಇವೆ. ಮುಖ್ಯ ಹಾಲಿಗೆ ಬರಲು ಕೆಲವು ನೂರು ಮೀಟರ್ ಚಕ್ರ ಉರುಳಿಸುತ್ತಾ ನಡೆಯಬೇಕು. ಹುಬ್ಬಳ್ಳಿಯ 1,507 ಮೀಟರಿನ ಪ್ಲಾಟ್‌ಫಾರ್ಮ್ ಉದ್ದಕ್ಕೂ ನಡೆದವರಿಗೆ ಇದು ಏನೂ ಅಲ್ಲ, ಆದರೆ 76 ವರ್ಷದವರಿಗೆ, ಜೂನ್ ಬಿಸಿಲಲ್ಲಿ, ಹೌದು. ಕೂಲಿಗಳು ಸಿಗುತ್ತಾರೆ ಅಂದುಕೊಳ್ಳಬೇಡಿ. ಮತ್ತೆ ಹೈಸ್ಪೀಡ್ ರೈಲಿನ ಪ್ಲಾಟ್‌ಫಾರ್ಮ್‌ಗೆ ಹೋಗಲು ಗೇಟಿನಲ್ಲಿ ಟಿಕೆಟ್ ತೋರಿಸಬೇಕು. ಪ್ಲಾಟ್‌ಫಾರ್ಮ್ ನಂಬರ್ ಬೋರ್ಡಿನಲ್ಲಿ ಬರುವುದೂ ಹೊರಡುವ ಸ್ವಲ್ಪ ಮೊದಲೇ. ಬೋರ್ಡಿನ ಕೆಳಗೆ ನೂರಾರು ಜನ ಕತ್ತೆತ್ತಿ ನಿಂತಿರುತ್ತಾರೆ, ನಂಬರ್ ಬಿದ್ದ ತಕ್ಷಣ ಒಂದು ಗುಂಪು ದಡಬಡ ಓಡುತ್ತದೆ. ನೀವು ಓಡಬೇಡಿ. ನಿಮ್ಮ ಸೀಟ್ ನಿಮಗೇ ಇದೆ.

ಅತ್ತೆಯವರಿಗೆ ಒಂದು ಒಳ್ಳೆಯ ಸೌಲಭ್ಯ ಇದೆ, ನಮ್ಮವರಿಗೆ ಇದು ಗೊತ್ತೇ ಇರುವುದಿಲ್ಲ. ಇಟಲಿಯ ದೊಡ್ಡ ನಿಲ್ದಾಣಗಳಲ್ಲಿ ಸಾಲಾ ಬ್ಲೂ ಎಂಬ ವಿಭಾಗ ಇದೆ. ನಡೆಯಲು ಕಷ್ಟ ಇರುವವರಿಗೆ, ವಯಸ್ಸಾದವರಿಗೆ ವೀಲ್‌ಚೇರ್ ತಂದು, ರೈಲಿನ ಬಾಗಿಲವರೆಗೆ ಬಿಟ್ಟು, ಹತ್ತಿಸುತ್ತಾರೆ. ದುಡ್ಡಿಲ್ಲ. ಒಂದು ದಿನ ಮೊದಲೇ ಹೇಳಿಡಿ. ನಮ್ಮ ಅಮ್ಮ ಮೊದಲು "ನನಗೇನಾಗಿದೆ, ನಡೀತೀನಿ" ಅಂತ ಮುಖ ಊದಿಸಿದ್ದರು. ಕೊನೆಗೆ ಅವರನ್ನು ತಳ್ಳಿಕೊಂಡು ಹೋಗುತ್ತಿದ್ದ ಹುಡುಗನಿಗೆ ಮದುವೆ ಆಗಿದೆಯಾ ಅಂತ ಕನ್ನಡದಲ್ಲೇ ವಿಚಾರಿಸುತ್ತಿದ್ದರು. ಅವನು ಎಲ್ಲದಕ್ಕೂ "ಸಿ, ಸಿ" (ಹೌದು, ಹೌದು) ಅನ್ನುತ್ತಿದ್ದ.

ಬೇಸ್ ದರ ನಾಲ್ಕು ಜನಕ್ಕೆ ಜಾಸ್ತಿ ಆಯಿತು ಅನಿಸಿದರೆ ಇನ್ನೊಂದು ದಾರಿ ಇದೆ. ಅಗ್ಗದ್ದೇ ತಗೊಳ್ಳಿ, ಆದರೆ ಮಧ್ಯಾಹ್ನ ಮೂರರ ಮೇಲಿನದ್ದು. ಟರ್ಮಿನಿಯಲ್ಲಿ ಲಗೇಜು ಇಡುವ ಜಾಗ ಇದೆ. ಪೆಟ್ಟಿಗೆ ಇಟ್ಟು, ಅಲ್ಲೇ ನಿಧಾನಕ್ಕೆ ಊಟ ಮಾಡಿ. ಹೊತ್ತು ಮಿಕ್ಕರೆ ಎದುರಿನ ಚೌಕದಾಚೆ ರೋಮ್ ಚಕ್ರವರ್ತಿ ಡಯೊಕ್ಲೀಷಿಯನ್‌ನ ಹಳೆಯ ಸ್ನಾನಗೃಹದ ಗೋಡೆಗಳಿವೆ, ನೋಡಿ ಬನ್ನಿ. ಹತ್ತು ಗಂಟೆಯ ಅಗ್ಗದ ಟಿಕೆಟ್ ಜೂಜು. ಮೂರು ಗಂಟೆಯ ಅಗ್ಗದ ಟಿಕೆಟ್ ಉಳಿತಾಯ. ನನ್ನನ್ನು ಕೇಳಿದರೆ, ಹಿರಿಯರು ಜೊತೆಗಿರುವಾಗ ಆ ರಾತ್ರಿ ರೋಮ್‌ನಲ್ಲೇ ಉಳಿದು ಮರುದಿನ ಹೋಗುವುದು ಇನ್ನೂ ಒಳ್ಳೆಯದು. ಆದರೆ ನಿಮ್ಮ ವೆನಿಸ್ ಹೋಟೆಲ್ ಆಗಲೇ ಬುಕ್ ಆಗಿರಬೇಕು, ಬಿಡಿ.

ಇನ್ನು ಕೆಲವರು ಚಿವಿತಾವೆಕ್ಕಿಯಾದಿಂದ ವೆನಿಸ್‌ವರೆಗೆ ಒಂದೇ ಟಿಕೆಟ್ ತಗೊಂಡರೆ ಆಯಿತಲ್ಲ ಅನ್ನುತ್ತಾರೆ. ಅದರಲ್ಲಿ ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೆ ರೈಲ್ವೆಯವರು ನೋಡಿಕೊಳ್ಳುತ್ತಾರೆ, ನಿಜ. ಆದರೆ ನಿಮಗೆ ತಡವಾಗುವುದು ರೈಲಲ್ಲ, ಹಡಗು. ಅದಕ್ಕೆ ಆ ರಕ್ಷಣೆ ಇಲ್ಲ. ಬೇರೆ ಬೇರೆಯಾಗಿಯೇ ತಗೊಳ್ಳಿ.

ಈಗ ಹೋಗಿ ಹುಡುಕಿದರೆ ನಿಮ್ಮ ತಾರೀಕಿಗೆ ರೈಲೇ ತೋರಿಸದಿದ್ದರೆ ಗಾಬರಿ ಬೇಡ. ಯುರೋಪಿನ ರೈಲು ವೇಳಾಪಟ್ಟಿ ವರ್ಷಕ್ಕೆ ಎರಡು ಸಲ, ಡಿಸೆಂಬರ್ ಮಧ್ಯದಲ್ಲಿ ಮತ್ತು ಜೂನ್ ಮಧ್ಯದಲ್ಲಿ ಬದಲಾಗುತ್ತದೆ. ನಿಮ್ಮದು ಜೂನ್ ಕೊನೆ. ಹೊಸ ಪಟ್ಟಿ ತೆರೆಯುವವರೆಗೆ ಕೆಲವು ರೈಲು ಕಾಣುತ್ತವೆ, ಕೆಲವು ಕಾಣುವುದಿಲ್ಲ. ವಾರಕ್ಕೊಮ್ಮೆ ನೋಡುತ್ತಿರಿ. ಊರುಗಳನ್ನು ಅಲ್ಲಿನ ಹೆಸರಲ್ಲೇ ಹುಡುಕಿ, ರೋಮಾ ಟರ್ಮಿನಿ, ವೆನೆಜಿಯಾ ಸಾಂತಾ ಲುಚಿಯಾ ಅಂತ.

ದುಡ್ಡು ಕಟ್ಟುವಾಗ ಒಟಿಪಿ ಬರುವುದು ನಿಮ್ಮ ಇಲ್ಲಿನ ನಂಬರಿಗೆ. ಅದಕ್ಕೇ ಬುಕಿಂಗ್ ಎಲ್ಲ ಮನೆಯಲ್ಲೇ ಮುಗಿಸಿ ಹೊರಡಿ. ಹಡಗಿನ ಮೇಲೆ ಮಾಡೋಣ ಅಂತ ಬಿಟ್ಟರೆ ಕೆಟ್ಟಿರಿ. ಸಮುದ್ರದ ಮಧ್ಯೆ ಫೋನು ಹಡಗಿನ ಸ್ಯಾಟಲೈಟ್ ನೆಟ್‌ವರ್ಕ್ ಹಿಡಿದುಕೊಳ್ಳುತ್ತದೆ, ನಿಮ್ಮ ರೋಮಿಂಗ್ ಪ್ಯಾಕ್‌ನಲ್ಲಿ ಅದು ಸೇರಿರುವುದು ಅಪರೂಪ. ಒಂದು ಸಣ್ಣ ವಾಟ್ಸಾಪ್ ವಿಡಿಯೋಗೆ ಸಾವಿರಗಟ್ಟಲೆ ಬಿಲ್ ಬಂದವರಿದ್ದಾರೆ. ಹಡಗು ಬಂದರು ಬಿಟ್ಟ ಕೂಡಲೇ ಏರ್‌ಪ್ಲೇನ್ ಮೋಡ್ ಹಾಕಿ. ಟಿಕೆಟ್ಟಿನ ಸ್ಕ್ರೀನ್‌ಶಾಟ್ ಇಬ್ಬರ ಫೋನಿನಲ್ಲೂ ಇರಲಿ.

ಭಾರತದ ಪಾಸ್‌ಪೋರ್ಟಿನವರಿಗೆ ಎರಡು ವಿಷಯ ಸಪರೇಟ್ ಆಗಿ ಹೇಳಬೇಕು. ಒಂದು, ನಿಮ್ಮ ಹಡಗು ಕುಶಾದಸಿಗೆ ಹೋಗುತ್ತದೆ. ಟರ್ಕಿ ಷೆಂಗೆನ್‌ನಲ್ಲಿ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನಲ್ಲಿ, ಇಲ್ಲ. ಅಂದರೆ ನೀವು ಗ್ರೀಸ್ ಬಿಟ್ಟು ಹೊರಗೆ ಹೋಗಿ ಮತ್ತೆ ಒಳಗೆ ಬರುತ್ತೀರಿ. ಸಿಂಗಲ್ ಎಂಟ್ರಿ ವೀಸಾ ಸಾಕಾಗುವುದಿಲ್ಲ, ಮಲ್ಟಿಪಲ್ ಬೇಕು. ವೀಸಾ ಅರ್ಜಿಯಲ್ಲಿ ಕ್ರೂಸ್‌ನ ಪೂರ್ತಿ ದಾರಿ ತೋರಿಸಿ ಅದನ್ನೇ ಕೇಳಿ. ವೀಸಾ ಕೈಗೆ ಬಂದ ತಕ್ಷಣ ಅದೇ ಸಾಲನ್ನು ಮೊದಲು ಓದಿ, ಫೋಟೋ ಚೆನ್ನಾಗಿ ಬಂದಿದೆಯಾ ಅಂತ ಆಮೇಲೆ ನೋಡಿಕೊಳ್ಳಿ. ಟರ್ಕಿಗೂ ವೀಸಾ ಬೇಕಾ ಅಂತ ಕ್ರೂಸ್ ಕಂಪನಿಯನ್ನೇ ಕೇಳಿ. ಬೇಕು ಅಂದರೆ, ಚಾಲ್ತಿಯಲ್ಲಿರುವ ಷೆಂಗೆನ್ ವೀಸಾ ಇದ್ದವರಿಗೆ ಇ-ವೀಸಾ ಸಿಗುತ್ತದೆ.

ಎರಡು, ಎಷ್ಟೋ ಹಡಗುಗಳಲ್ಲಿ ಹತ್ತುವಾಗ ನಮ್ಮ ಪಾಸ್‌ಪೋರ್ಟ್ ತಗೊಂಡು ತಾವೇ ಇಟ್ಟುಕೊಳ್ಳುತ್ತಾರೆ. ಕೊನೆಯ ಸಂಜೆ ವಾಪಸ್ ಕೊಡುವಾಗ ರಿಸೆಪ್ಶನ್ ಮುಂದೆ ದೊಡ್ಡ ಕ್ಯೂ. "ಬೆಳಿಗ್ಗೆ ತಗೊಂಡರಾಯ್ತು" ಅಂತ ಊಟಕ್ಕೆ ಹೋದವರು ಬೆಳಿಗ್ಗೆ ಅದೇ ಕ್ಯೂನಲ್ಲಿ, ಬಣ್ಣ ಕೂಗುತ್ತಿರುವಾಗ, ನಿಂತಿರುತ್ತಾರೆ. ಸಂಜೆಯೇ ತಗೊಳ್ಳಿ. ಅಲ್ಲೇ ರಿಸೆಪ್ಶನ್‌ನಲ್ಲಿ ರೈಲಿನ ಟಿಕೆಟ್ ತೋರಿಸಿ, ಮುಂಚಿನ ಬಣ್ಣ ಕೊಡಿ ಅಂತ ಕೇಳಿ. ಎರಡು ಮೂರು ದಿನ ಮೊದಲೇ ಕೇಳಿದರೆ ಸಾಮಾನ್ಯವಾಗಿ ಕೊಡುತ್ತಾರೆ, ಕೊನೆಯ ರಾತ್ರಿ ಕೇಳಿದರೆ ನಗುತ್ತಾರೆ. ಲಗೇಜು ತಾವೇ ಎತ್ತಿಕೊಂಡು ಎಲ್ಲರಿಗಿಂತ ಮೊದಲು ಇಳಿಯುವ ವ್ಯವಸ್ಥೆಯೂ ಇದೆ. ಹುಡುಗರಿಗೆ ಅದು ಸರಿ. ನಾಲ್ಕು ದೊಡ್ಡ ಪೆಟ್ಟಿಗೆ ಇಟ್ಟುಕೊಂಡು, ಅತ್ತೆಯ ಕೈ ಹಿಡಿದು, ತುಂಬಿದ ಲಿಫ್ಟ್ ಮುಂದೆ ಇಪ್ಪತ್ತು ನಿಮಿಷ ನಿಲ್ಲುವುದು ನಿಮಗೆ ಬೇಡ.

ರಾತ್ರಿ ಪೆಟ್ಟಿಗೆ ಹೊರಗಿಡುವಾಗ ಮಾತ್ರೆ, ಕನ್ನಡಕ, ಚಾರ್ಜರ್, ಬೆಳಿಗ್ಗೆ ಹಾಕುವ ಬಟ್ಟೆ, ಚಪ್ಪಲಿ ಎಲ್ಲ ಸಣ್ಣ ಬ್ಯಾಗಿನಲ್ಲಿ ಇದೆಯಾ ನೋಡಿ. ಚಪ್ಪಲಿ ಅಂದಿದ್ದು ತಮಾಷೆಗಲ್ಲ. ಹಡಗಿನ ಬಾತ್‌ರೂಮ್ ಸ್ಲಿಪ್ಪರ್ ಹಾಕಿಕೊಂಡು ಇಟಲಿಯ ನೆಲಕ್ಕೆ ಇಳಿದ ಒಬ್ಬ ಸೂಟುಧಾರಿಯನ್ನು ನಾನೇ ಕಂಡಿದ್ದೇನೆ.

ಬಂದರಿನಿಂದ ನಿಲ್ದಾಣಕ್ಕೆ ನಡೆಯಬಹುದಾ ಅಂತ ಬೇರೆಯವರು ಕೇಳುತ್ತಾರೆ. ಲಾರ್ಗೊ ದೆಲ್ಲಾ ಪಾಚೆಯಿಂದ ಇಪ್ಪತ್ತು ನಿಮಿಷದ ಮೇಲೆ, ಸಮುದ್ರದ ಪಕ್ಕದ ಸಪಾಟು ದಾರಿ. ಬರೀ ಬೆನ್ನಿನ ಬ್ಯಾಗ್ ಇದ್ದರೆ ಚೆಂದ. ಮೈಕೆಲೆಂಜೆಲೊ ಹೆಸರಿನ ದಪ್ಪ ಗೋಡೆಯ ಕೋಟೆ ಸಿಗುತ್ತದೆ. ಈ ಬಂದರನ್ನು ಮೊದಲು ಕಟ್ಟಿಸಿದ್ದು ರೋಮ್ ಚಕ್ರವರ್ತಿ ಟ್ರಾಜನ್, ಎರಡನೇ ಶತಮಾನದ ಶುರುವಿನಲ್ಲಿ. ನಿಮಗೆ ಟ್ಯಾಕ್ಸಿಯೇ ಸರಿ. ನಾಲ್ಕು ಜನ, ಆರು ಲಗೇಜಿಗೆ ಬಂದರಿನಿಂದ ಸೀದಾ ಟರ್ಮಿನಿಗೆ ವ್ಯಾನ್ ಮಾಡಿದರೆ ಹೇಗೆ ಅನ್ನುವುದನ್ನೂ ಒಮ್ಮೆ ವಿಚಾರಿಸಿ. ರೈಲಿಗಿಂತ ಎಷ್ಟೋ ಪಟ್ಟು ದುಬಾರಿ, ರಸ್ತೆಯಲ್ಲಿ ಒಂದರಿಂದ ಒಂದೂವರೆ ಗಂಟೆ ಹೇಗೂ ಬೇಕು, ಆದರೆ ಮೂರು ಸಲ ಪೆಟ್ಟಿಗೆ ಹತ್ತಿಸಿ ಇಳಿಸುವುದು ತಪ್ಪುತ್ತದೆ. ಹಡಗಿನವರು ಮಾರುವ ಬಸ್ಸು ತಲೆಗೆ ಇಷ್ಟು ಅಂತ. ನಾಲ್ಕರಿಂದ ಗುಣಿಸಿ ನೋಡಿದರೆ ವ್ಯಾನಿನ ಹತ್ತಿರಕ್ಕೇ ಬಂದರೂ ಬರಬಹುದು.

ವ್ಯಾನಿನ ನಂಬರ್ ಒಂದು ಇಟ್ಟುಕೊಂಡಿರಲು ಇನ್ನೊಂದು ಕಾರಣ ಮುಷ್ಕರ. ಇಟಲಿಯಲ್ಲಿ ಶೋಪೆರೊ ಅನ್ನುತ್ತಾರೆ, ಮುಂಚೆಯೇ ತಾರೀಕು ಹೇಳಿ ಮಾಡುತ್ತಾರೆ. ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಪ್ರಾದೇಶಿಕ ರೈಲು ಓಡಿಸಲೇಬೇಕು ಅಂತ ನಿಯಮ ಇದೆ. ಭಾನುವಾರಕ್ಕೆ ಆ ಖಾತ್ರಿ ಇಲ್ಲ. ಕ್ರೂಸ್ ಹತ್ತುವ ಮೊದಲು ಆ ತಾರೀಕಿಗೆ ಶೋಪೆರೊ ಇದೆಯಾ ಅಂತ ಒಮ್ಮೆ ಹುಡುಕಿ.

ಇದೇ ಬಂದರಿನಲ್ಲಿ ಇಳಿದು ಬೇರೆ ಕಡೆ ಹೋಗುವವರಿಗೂ ಎರಡು ಮಾತು. ಫಿಯುಮಿಚಿನೊ ವಿಮಾನ ನಿಲ್ದಾಣಕ್ಕೆ ಹೋಗುವವರು ಟರ್ಮಿನಿವರೆಗೆ ಹೋಗಬೇಡಿ, ಸುಮ್ನೆ ಸುತ್ತು. ದಾರಿಯಲ್ಲೇ ಸಿಗುವ ಟ್ರಾಸ್ತೆವೆರೆ ನಿಲ್ದಾಣದಲ್ಲಿ ಇಳಿದು ಎಫ್‌ಎಲ್1 ಹತ್ತಿ. ಪೀಸಾ, ಜಿನೋವಾ ಕಡೆ ಹೋಗುವವರಿಗೆ ರೋಮ್ ಬೇಕೇ ಇಲ್ಲ, ಚಿವಿತಾವೆಕ್ಕಿಯಾದಿಂದಲೇ ಕರಾವಳಿ ಗುಂಟ ಉತ್ತರಕ್ಕೆ ಇಂಟರ್‌ಸಿಟಿ ಇದೆ.

ನಿಲ್ದಾಣದಲ್ಲಿ ಹಳದಿ ಪೋಸ್ಟರ್ ಅಂದರೆ ಹೊರಡುವ ರೈಲು, ಬಿಳಿ ಅಂದರೆ ಬರುವ ರೈಲು. ಬಿನಾರಿಯೊ ಅಂದರೆ ಪ್ಲಾಟ್‌ಫಾರ್ಮ್, ರಿತಾರ್ದೊ ಅಂದರೆ ತಡ. ರೋಮ್ ಕಡೆ ಹೋಗುವಾಗ ಬಲಗಡೆ ಕೂರಿ. ಸಾಂತಾ ಮಾರಿನೆಲ್ಲಾ ಹತ್ತಿರ ಸಮುದ್ರ ಕಿಟಕಿಯ ಪಕ್ಕಕ್ಕೇ ಬರುತ್ತದೆ. ಏಳು ದಿನ ಸಮುದ್ರವನ್ನೇ ನೋಡಿ ಬೇಜಾರಾಗಿದ್ದರೆ ಎಡಗಡೆ ಕೂತು ಮಲಗಿಬಿಡಿ.

ಒಂದು ನೀವು ಬರೆದಿಲ್ಲ, ಹೋಟೆಲ್ ವೆನಿಸ್‌ನಲ್ಲಿ ಎಲ್ಲಿ? ಕಡಿಮೆ ದರಕ್ಕೆ ಬುಕ್ ಮಾಡಿದ್ದರೆ ಅದು ಮೆಸ್ತ್ರೆಯಲ್ಲಿರುವ ಸಾಧ್ಯತೆ ಜಾಸ್ತಿ. ಅದು ನೀರಿನಾಚೆ ಇರುವ ಮಾಮೂಲಿ ಊರು, ಬಸ್ಸು ಕಾರು ಓಡಾಡುತ್ತವೆ. ಹಾಗಿದ್ದರೆ ವೆನೆಜಿಯಾ ಮೆಸ್ತ್ರೆಯಲ್ಲೇ ಇಳಿಯಬೇಕು, ಪೆಟ್ಟಿಗೆಗಳನ್ನು ಐದು ನಿಮಿಷ ಮೊದಲೇ ಬಾಗಿಲಿಗೆ ತಂದಿಡಿ, ರೈಲು ತುಂಬಾ ಹೊತ್ತು ನಿಲ್ಲುವುದಿಲ್ಲ. ಹೋಟೆಲ್ ದ್ವೀಪದ ಒಳಗಿದ್ದರೆ ಇನ್ನೂ ಹತ್ತು ನಿಮಿಷ ಕೂತು ಕೊನೆಯ ಸ್ಟಾಪ್ ಸಾಂತಾ ಲುಚಿಯಾದಲ್ಲಿ ಆರಾಮಾಗಿ ಇಳಿಯಿರಿ. ಅಲ್ಲಿ ಟ್ಯಾಕ್ಸಿ ಸ್ಟ್ಯಾಂಡ್ ಹುಡುಕಬೇಡಿ. ಬಾಗಿಲು ದಾಟಿ ಮೆಟ್ಟಿಲಿಳಿದರೆ ಎದುರಿಗೇ ದೊಡ್ಡ ಕಾಲುವೆ, ಹಸಿರು ನೀರು, ಮತ್ತೆ ಒಂದು ದೋಣಿ ಹತ್ತಬೇಕು.